ಓದಲು ಬಲ್ಲವಳಿಗೆ ಕೆಲಸವುಂಟು

ತಂಗಿ,

ಮನೆ, ಮಕ್ಕಳು, ಅತ್ತೆಯವರ ಆರೈಕೆ ಎಂದು ಒಂಬತ್ತು ವರ್ಷ ಕಳೆದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕು ಅನ್ನಿಸಿದೆ, ಕೋಚಿಂಗ್‌ಗೆ ದುಡ್ಡು ಸುರಿಯದೆ ಮನೆಯಲ್ಲೇ ಕೂತು ಮೇನ್‌ಫ್ರೇಮ್ ಕಲಿಯಬಹುದೇ ಅಂತ ಕೇಳಿದ್ದೀಯ. ಖಂಡಿತ ಕಲಿಯಬಹುದು. ಕೆಲಸ ಬಿಟ್ಟು ಮರಳುವವರಿಗೆ ಇಷ್ಟು ಚೆನ್ನಾಗಿ ಒಗ್ಗುವ ದಾರಿ ಕಂಪ್ಯೂಟರ್ ಲೋಕದಲ್ಲಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ತಿಳಿದುಕೊಂಡು ಹೊರಡು. ಇಲ್ಲದಿದ್ದರೆ ಒಂದು ವರ್ಷ ಸುಮ್ಮನೆ ಕೈಬಿಟ್ಟು ಹೋಗುತ್ತದೆ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಈ ಕೆಲಸದಲ್ಲಿ ಹೊಸದಾಗಿ ಬರೆಯುವುದು ಕಡಿಮೆ, ಬೇರೆಯವರು ಬರೆದಿಟ್ಟದ್ದನ್ನು ಓದಿ ಅರ್ಥಮಾಡಿಕೊಳ್ಳುವುದು ಹೆಚ್ಚು. ಮೂವತ್ತು ವರ್ಷದ ಹಿಂದೆ ಯಾರೋ ಬರೆದ ಕೋಬಾಲ್ ಪ್ರೋಗ್ರಾಮ್, ಅದನ್ನು ಓಡಿಸುವ ಜೆಸಿಎಲ್, ಅದು ಕೆಟ್ಟು ನಿಂತಾಗ ಬರುವ ಔಟ್‌ಪುಟ್, ಈ ಮೂರನ್ನೂ ತಾಳ್ಮೆಯಿಂದ ಓದಿ ‘ಇಲ್ಲಿ ಹೀಗಾಗಿದೆ, ಹೀಗೆ ಮಾಡಿದರೆ ಸರಿಹೋಗುತ್ತದೆ’ ಎಂದು ಹೇಳಬಲ್ಲವರನ್ನು ಕಂಪನಿಗಳು ಹುಡುಕುತ್ತವೆ. ಆದ್ದರಿಂದ ಓದುವುದನ್ನು ಕಲಿ. ಸಿಂಟ್ಯಾಕ್ಸ್ ತಾನಾಗಿಯೇ ಕೈಗೆ ಹತ್ತುತ್ತದೆ.

ಒಂಬತ್ತು ವರ್ಷದ ಅಂತರ ಇಲ್ಲಿ ಅಷ್ಟೊಂದು ದೊಡ್ಡದಲ್ಲ. ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಂ/360 ಮೇನ್‌ಫ್ರೇಮ್ ಯಂತ್ರಗಳನ್ನು ಪ್ರಕಟಿಸಿತು. ಅಲ್ಲಿಯವರೆಗೆ ಹೊಸ ಯಂತ್ರ ಕೊಂಡರೆ ಎಷ್ಟೋ ಸಲ ಪ್ರೋಗ್ರಾಮ್‌ಗಳನ್ನು ಮತ್ತೆ ಬರೆಯಬೇಕಾಗುತ್ತಿತ್ತು. ಸಣ್ಣ ಮಾಡೆಲ್‌ಗೆ ಬರೆದದ್ದು ದೊಡ್ಡ ಮಾಡೆಲ್‌ನಲ್ಲೂ ಓಡಬೇಕು ಎಂಬ ನಿಯಮವನ್ನು ಅವರು ಆಗ ಇಟ್ಟುಕೊಂಡರು. ಆ ನಿಯಮವನ್ನು ಈವರೆಗೆ ಬಿಟ್ಟಿಲ್ಲ. 2025ರ ಏಪ್ರಿಲ್‌ನಲ್ಲಿ ಝೆಡ್17 ಯಂತ್ರವನ್ನು ಪ್ರಕಟಿಸಿದರು. ಅದರ ಮೇಲೂ ಹಳೆಯ ಕಾಲದ ಎಷ್ಟೋ ಪ್ರೋಗ್ರಾಮ್‌ಗಳು ಮರುಬರೆಯದೆಯೇ ಓಡುತ್ತವೆ. ವೆಬ್ ಕೆಲಸದಲ್ಲಿ ಒಂಬತ್ತು ವರ್ಷ ಬಿಟ್ಟು ಬಂದವಳು ಹೆಸರೇ ಕೇಳದ ಹತ್ತು ಫ್ರೇಮ್‌ವರ್ಕ್‌ಗಳನ್ನು ಮೊದಲಿಂದ ಕಲಿಯಬೇಕು. ಇಲ್ಲಿ ಹಾಗಲ್ಲ. ಹಿಂದೆ ಕಲಿತದ್ದು ಹಾಗೆಯೇ ಉಳಿದಿರುತ್ತದೆ, ಹೊಸದಾಗಿ ಕಲಿತದ್ದು ಮುಂದೆ ಬಹುಕಾಲ ಬಾಳುತ್ತದೆ. ತಲೆ ನರೆತವರು ಟೀಮಿನಲ್ಲಿ ಇರುವುದು ಇಲ್ಲಿ ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ನಲವತ್ತು ದಾಟಿದೆ ಎಂಬ ಅಳುಕು ನಿನಗೆ ಬೇಡ.

‘ಮೇನ್‌ಫ್ರೇಮ್ ಸಾಯುತ್ತಿದೆ, ಈಗ ಯಾಕೆ ಕಲಿಯುತ್ತೀಯ?’ ಎಂದು ನಿನ್ನ ತಮ್ಮನೇ ಕೇಳಬಹುದು. ಈ ಮಾತು ಹಳೆಯದು. 1991ರಲ್ಲಿ ಸ್ಟುವರ್ಟ್ ಆಲ್ಸಪ್ ಎಂಬ ಅಮೆರಿಕದ ಅಂಕಣಕಾರರು ಕೊನೆಯ ಮೇನ್‌ಫ್ರೇಮ್ 1996ರ ಮಾರ್ಚ್ 15ರಂದು ನಿಂತುಹೋಗುತ್ತದೆ ಎಂದು ದಿನಾಂಕ ಸಮೇತ ಬರೆದಿದ್ದರು. ಆ ದಿನಾಂಕ ಬಂತು, ಹೋಯಿತು, ಯಂತ್ರಗಳು ಓಡುತ್ತಲೇ ಇದ್ದವು. ಹಾಗೆಂದು ಎಲ್ಲವೂ ಹೀಗೇ ಇರುತ್ತದೆ ಎಂದೂ ನಾನು ಹೇಳುವುದಿಲ್ಲ. ಕೆಲವು ಕಂಪನಿಗಳು ನಿಜವಾಗಿಯೂ ಕ್ಲೌಡ್‌ಗೆ ಹೋಗುತ್ತಿವೆ. ಆದರೆ ಹೋಗಬೇಕಾದರೂ ಹಳೆಯ ಪ್ರೋಗ್ರಾಮ್ ಏನು ಮಾಡುತ್ತಿದೆ ಎಂದು ಮೊದಲು ಯಾರಾದರೂ ಓದಿ ಹೇಳಬೇಕಲ್ಲ? ಬಡ್ಡಿ ಲೆಕ್ಕದಲ್ಲಿ ಪೈಸೆಯನ್ನು ಎಲ್ಲಿ ಪೂರ್ಣಾಂಕ ಮಾಡುತ್ತಾರೆ, ಫೆಬ್ರವರಿ 29 ಬಂದರೆ ಏನಾಗುತ್ತದೆ, ಇಂಥದ್ದು ಎಷ್ಟೋ ಕಡೆ ಆ ಕೋಬಾಲ್ ಸಾಲುಗಳನ್ನು ಬಿಟ್ಟರೆ ಬೇರೆಲ್ಲೂ ಬರೆದಿರುವುದಿಲ್ಲ. ಉಳಿದರೂ ಓದುವವರು ಬೇಕು, ಬಿಟ್ಟುಹೋದರೂ ಓದುವವರು ಬೇಕು.

2020ರ ಏಪ್ರಿಲ್ ನೆನಪಿದೆಯೇ? ಕೋವಿಡ್ ಬಂದು ಅಮೆರಿಕದಲ್ಲಿ ಲಕ್ಷಾಂತರ ಜನ ಒಂದೇ ಸಲ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ನ್ಯೂಜೆರ್ಸಿಯ ಆಗಿನ ಗವರ್ನರ್ ಫಿಲ್ ಮರ್ಫಿ, ಆ ಅರ್ಜಿಗಳನ್ನು ನಿಭಾಯಿಸುವ ಹಳೆಯ ಸಿಸ್ಟಂಗಳಿಗಾಗಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಪತ್ರಿಕಾಗೋಷ್ಠಿಯಲ್ಲೇ ಕೇಳಿಕೊಂಡರು. 1959ರಲ್ಲಿ ರೂಪುಗೊಳ್ಳಲು ಶುರುವಾದ ಭಾಷೆ ಅದು. ಅದನ್ನು ಬಲ್ಲವರಿಗಾಗಿ ಒಂದು ಸರ್ಕಾರ ಬಹಿರಂಗವಾಗಿ ಕೈಚಾಚಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ನಿನ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಒಂದು ಉಚಿತ ಕೋಬಾಲ್ ಪಾಠವನ್ನು ಎಲ್ಲರಿಗೂ ತೆರೆದಿಟ್ಟಿತು. ಆ ಪಾಠ ಈಗಲೂ ಸಿಗುತ್ತದೆ. ಕೋಬಾಲ್‌ನ ಸರದಿ ಬಂದಾಗ ನೀನು ಅಲ್ಲಿಂದ ಶುರು ಮಾಡಬಹುದು.

ಇನ್ನು ನಮ್ಮೂರಿನ ಕೆಲಸದ ಸಂಗತಿ. ನಮ್ಮ ದೇಶದ ಬಹುಪಾಲು ಬ್ಯಾಂಕುಗಳು ಕೋರ್ ಬ್ಯಾಂಕಿಂಗ್‌ಗೆ ಬಂದದ್ದೇ ತಡವಾಗಿ. ಅವು ಹೆಚ್ಚಾಗಿ ಯುನಿಕ್ಸ್, ಲಿನಕ್ಸ್ ಸರ್ವರ್‌ಗಳ ಮೇಲೆ ನಿಂತಿವೆ. ಬೆಂಗಳೂರಿನಲ್ಲಿ ಮೇನ್‌ಫ್ರೇಮ್ ಕೆಲಸ ಎಂದರೆ ಮುಖ್ಯವಾಗಿ ಅಮೆರಿಕ, ಯೂರೋಪಿನ ಬ್ಯಾಂಕು, ವಿಮಾ ಕಂಪನಿ, ವಿಮಾನಯಾನ ಸಂಸ್ಥೆಗಳ ಕೆಲಸ. ವೈಟೂಕೆ ಹೊತ್ತಿನಲ್ಲಿ, ಇಸವಿಯ ಕೊನೆಯ ಎರಡಂಕಿಯನ್ನಷ್ಟೇ ಇಟ್ಟುಕೊಂಡಿದ್ದ ಪ್ರೋಗ್ರಾಮ್‌ಗಳನ್ನು 2000ಕ್ಕೆ ಮುಂಚೆ ತಿದ್ದಬೇಕಾಗಿ ಬಂದಾಗ ಈ ಕೆಲಸ ಇಲ್ಲಿಗೆ ಹರಿದುಬಂತು. ನನ್ನಂಥ ಎಷ್ಟೋ ಜನ ಕಲಿತದ್ದು ಆಗಲೇ. ಆಗ ಬಂದವರು ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದೇವೆ. ಆ ಕುರ್ಚಿಗಳು ಖಾಲಿಯಾಗುತ್ತಿವೆ.

ವಿದೇಶದ ಕೆಲಸ ಅಂದಮೇಲೆ ಹೊತ್ತಿನ ಲೆಕ್ಕವನ್ನು ಈಗಲೇ ಹಾಕಿಕೋ. ಬ್ಯಾಂಕಿನ ದೊಡ್ಡ ಬ್ಯಾಚ್ ಜಾಬ್‌ಗಳು ಅಲ್ಲಿಯ ರಾತ್ರಿ ಓಡುತ್ತವೆ. ನ್ಯೂಯಾರ್ಕಿನಲ್ಲಿ ರಾತ್ರಿ ಹತ್ತು ಗಂಟೆಯಾದರೆ, ಅಲ್ಲಿಯ ಬೇಸಿಗೆಯಲ್ಲಿ ನಮಗೆ ಬೆಳಗಿನ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಅಂದರೆ ಅಮೆರಿಕದ ಬ್ಯಾಚ್ ಸಪೋರ್ಟ್ ನಮ್ಮ ಹಗಲಿಗೇ ಬೀಳುತ್ತದೆ. ಮಕ್ಕಳಿರುವ ಮನೆಗೆ ಇದು ದೊಡ್ಡ ಅನುಕೂಲ. ಅದೇ ಅಮೆರಿಕದ ಟೀಮಿನ ಜೊತೆ ದಿನಾ ಮಾತಾಡಬೇಕಾದ ಡೆವಲಪ್‌ಮೆಂಟ್ ಕೆಲಸವಾದರೆ ಸಂಜೆ ಏಳರ ಮೇಲೆ ಕಾಲ್‌ಗಳು ಶುರುವಾಗುತ್ತವೆ. ಯೂರೋಪಿನ ಗಿರಾಕಿಯಾದರೆ ಮಧ್ಯಾಹ್ನದಿಂದ ರಾತ್ರಿ ಒಂಬತ್ತರ ತನಕ. ಕೆಲಸ ಒಪ್ಪಿಕೊಳ್ಳುವಾಗ ಸಂಬಳದಷ್ಟೇ ಮುಖ್ಯವಾಗಿ ಇದನ್ನೂ ಕೇಳು. ಆನ್‌ಕಾಲ್ ಸರದಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಲು ಸಂಕೋಚ ಬೇಡ.

ಕಲಿಯಲು ಯಂತ್ರ ಎಲ್ಲಿಂದ ತರುವುದು ಎಂಬುದು ನಿನ್ನ ಮುಂದಿನ ಪ್ರಶ್ನೆ. ಅದಕ್ಕೆ ಮೂರು ದಾರಿಗಳಿವೆ, ಮೂರಕ್ಕೂ ಕಾಸು ಕೊಡಬೇಕಿಲ್ಲ.

ಮೊದಲನೆಯದು ಐಬಿಎಂನ ಝೆಡ್ ಎಕ್ಸ್‌ಪ್ಲೋರ್. ಹೆಸರು ನೋಂದಾಯಿಸಿದರೆ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಆದ ನಿಜವಾದ ಝೆಡ್ ಓಎಸ್ ಮೇಲೆ ನಿನಗೊಂದು ಯೂಸರ್ ಐಡಿ ಸಿಗುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ವಿಎಸ್ ಕೋಡ್ ಹಾಕಿಕೊಂಡು, ಅದಕ್ಕೆ ಝೋವಿ ಎಕ್ಸ್‌ಪ್ಲೋರರ್ ಸೇರಿಸಿಕೊಂಡರೆ ಡೇಟಾಸೆಟ್ ತೆರೆಯುವುದು, ಜಾಬ್ ಸಬ್‌ಮಿಟ್ ಮಾಡುವುದು, ಔಟ್‌ಪುಟ್ ನೋಡುವುದು ಎಲ್ಲವೂ ಅಲ್ಲಿಂದಲೇ ಆಗುತ್ತದೆ. ಪಾಠಗಳು ಒಂದರ ಮೇಲೊಂದು ಬರುತ್ತವೆ, ಮುಗಿಸಿದಂತೆ ಬ್ಯಾಡ್ಜ್ ಕೊಡುತ್ತಾರೆ. ಎರಡನೆಯದು ಹರ್ಕ್ಯುಲಿಸ್. 1999ರಲ್ಲಿ ಶುರುವಾದ ಈ ಎಮ್ಯುಲೇಟರ್ ನಿನ್ನ ಮನೆಯ ಕಂಪ್ಯೂಟರನ್ನೇ ಮೇನ್‌ಫ್ರೇಮ್‌ನಂತೆ ನಡೆಸುತ್ತದೆ. ಅದರ ಮೇಲೆ ಎಂವಿಎಸ್ 3.8ಜೆ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಓಡಿಸಬಹುದು. ಟಿಕೆ4, ಟಿಕೆ5 ಎಂಬ ಹೆಸರಿನಲ್ಲಿ ಎಲ್ಲವನ್ನೂ ಜೋಡಿಸಿ ಸಿದ್ಧವಾಗಿ ಇಟ್ಟಿದ್ದಾರೆ. ಝೆಡ್ ಎಕ್ಸ್‌ಪ್ಲೋರ್‌ನಲ್ಲಿ ನೀನು ಬಾಡಿಗೆದಾರಳು. ಇಲ್ಲಾದರೆ ಯಂತ್ರ ನಿನ್ನದೇ, ಆಪರೇಟರ್ ಕನ್ಸೋಲ್ ಕೂಡ ನಿನ್ನ ಕೈಯಲ್ಲೇ. ಸಿಸ್ಟಂ ಹೇಗೆ ಎದ್ದು ನಿಲ್ಲುತ್ತದೆ ಎಂದು ಕಣ್ಣಾರೆ ನೋಡಬಹುದು. ಮೂರನೆಯದು ಗ್ನೂಕೋಬಾಲ್, ವಿಂಡೋಸ್ ಅಥವಾ ಲಿನಕ್ಸ್ ಮೇಲೆ ಓಡುವ ಉಚಿತ ಕಂಪೈಲರ್. ಕರೆಂಟ್, ಇಂಟರ್‌ನೆಟ್ ಕೈಕೊಟ್ಟ ದಿನವೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೆ ಅಭ್ಯಾಸ ನಿಲ್ಲದು.

ಯಾರಾದರೂ ‘ಝೆಡ್ ಓಎಸ್‌ನ ಪೂರ್ತಿ ಡಿಸ್ಕ್ ಕಾಪಿ ಇದೆ, ಹರ್ಕ್ಯುಲಿಸ್ ಮೇಲೆ ಹಾಕಿಕೋ’ ಎಂದು ಕೊಡಬಂದರೆ ತೆಗೆದುಕೊಳ್ಳಬೇಡ. ಅದು ಲೈಸೆನ್ಸ್ ಇಲ್ಲದ ಕಳ್ಳಮಾಲು. ನಾಳೆ ಬ್ಯಾಂಕಿನ ದತ್ತಾಂಶ ನಿನ್ನ ಕೈಗೆ ಬರಬೇಕಾದರೆ ಇವತ್ತಿನಿಂದಲೇ ಕೈ ಶುದ್ಧವಿರಬೇಕು.

ಕಲಿಯುವ ಕ್ರಮಕ್ಕೆ ಬರೋಣ. ಎಲ್ಲರೂ ಕೋಬಾಲ್‌ಗೆ ಕೈಹಾಕಿ ಜೆಸಿಎಲ್ ಅನ್ನು ಆಮೇಲೆ ನೋಡಿದರಾಯಿತು ಅಂದುಕೊಳ್ಳುತ್ತಾರೆ. ನೀನು ಜೆಸಿಎಲ್‌ನಿಂದ ಶುರು ಮಾಡು. ಜಾಬ್, ಎಕ್ಸೆಕ್, ಡಿಡಿ ಈ ಮೂರು ಬಗೆಯ ಸಾಲುಗಳಲ್ಲಿ ಬಹುಪಾಲು ಅಡಗಿದೆ. ಜಾಬ್ ಸಾಲು ಕೆಲಸ ಯಾರದು ಎಂದು ಹೇಳುತ್ತದೆ, ಎಕ್ಸೆಕ್ ಯಾವ ಪ್ರೋಗ್ರಾಮ್ ಓಡಬೇಕು ಎಂದು ಹೇಳುತ್ತದೆ, ಡಿಡಿ ಯಾವ ಫೈಲ್ ಬೇಕು, ಓಡಿದ ಮೇಲೆ ಅದನ್ನು ಇಡಬೇಕೋ ಅಳಿಸಬೇಕೋ ಎಂದು ಹೇಳುತ್ತದೆ. ಮೊದಲು ಐಇಎಫ್‌ಬಿಆರ್14 ಎಂಬ ಪ್ರೋಗ್ರಾಮ್ ಓಡಿಸು. ಅದು ಏನೂ ಮಾಡದೆ ಮರಳುವ ಪ್ರೋಗ್ರಾಮ್. ಏನೂ ಮಾಡದಿದ್ದರೂ ಅದರ ಜೊತೆಗಿರುವ ಡಿಡಿ ಸಾಲುಗಳ ಪ್ರಕಾರ ಸಿಸ್ಟಂ ಫೈಲ್ ಹುಟ್ಟಿಸುತ್ತದೆ, ಅಳಿಸುತ್ತದೆ. ಕೆಲಸ ಮಾಡುವುದು ಪ್ರೋಗ್ರಾಮೋ ಸಿಸ್ಟಮ್ಮೋ ಎಂಬ ವ್ಯತ್ಯಾಸ ಆ ಒಂದು ಜಾಬ್‌ನಲ್ಲಿ ತಲೆಗೆ ಹೋಗುತ್ತದೆ.

ಆಮೇಲೆ ಕಂಡ್ ಪ್ಯಾರಾಮೀಟರ್. ಕಂಡ್=(4,ಎಲ್‌ಟಿ) ಎಂದರೆ ‘ಹಿಂದಿನ ಯಾವುದಾದರೂ ಸ್ಟೆಪ್ ಕೊಟ್ಟ ರಿಟರ್ನ್ ಕೋಡಿಗಿಂತ 4 ಕಡಿಮೆಯಾಗಿದ್ದರೆ ಈ ಸ್ಟೆಪ್ಪನ್ನು ಬಿಟ್ಟುಬಿಡು’ ಎಂದು. ಓಡು ಎನ್ನುವ ಷರತ್ತಲ್ಲ, ಓಡಬೇಡ ಎನ್ನುವ ಷರತ್ತು. ಹೊಸಬರೆಲ್ಲ ಇದನ್ನು ತಲೆಕೆಳಗು ಓದುತ್ತಾರೆ, ಇಂಟರ್‌ವ್ಯೂಗಳಲ್ಲಿ ಅದಕ್ಕೇ ಕೇಳುತ್ತಾರೆ. ಈಗ ಇಫ್, ದೆನ್, ಎಲ್ಸ್ ಬರೆಯುವ ಸೌಲಭ್ಯವಿದೆ. ಆದರೆ ಹಳೆಯ ಜಾಬ್‌ಗಳಲ್ಲೆಲ್ಲ ಕಂಡ್ ಇದ್ದೇ ಇದೆ. ನಿನ್ನ ಕೆಲಸ ಹಳೆಯದನ್ನು ಓದುವುದು ತಾನೇ?

ಜೆಸಿಎಲ್ ಒಂದು ಹದಕ್ಕೆ ಬಂದ ಮೇಲೆ ಕೋಬಾಲ್. ಏಳನೇ ಕಾಲಮ್ಮಿನಲ್ಲಿ ನಕ್ಷತ್ರ ಹಾಕಿದರೆ ಕಾಮೆಂಟ್, ಎಂಟರಿಂದ ಏರಿಯಾ ಎ, ಹನ್ನೆರಡರಿಂದ ಎಪ್ಪತ್ತೆರಡರ ತನಕ ಏರಿಯಾ ಬಿ. ಎಂಬತ್ತು ಕಾಲಮ್ಮಿನ ಪಂಚ್ ಕಾರ್ಡಿನ ಕಾಲದಿಂದ ಬಂದ ಕಟ್ಟು ಇದು, ಎರಡು ದಿನದಲ್ಲಿ ರೂಢಿಯಾಗುತ್ತದೆ. ನಂತರ ಸಾರ್ಟ್, ಐಡಿಕ್ಯಾಮ್ಸ್, ವಿಸ್ಯಾಮ್ ಫೈಲ್‌ಗಳು, ಆಮೇಲೆ ಡಿಬಿ2. ಎಸ್‌ಕ್ಯೂಎಲ್ ನಿನಗೆ ಮೊದಲೇ ಗೊತ್ತಿರುವುದರಿಂದ ಡಿಬಿ2 ಬೇಗ ಆಗುತ್ತದೆ. ಆನ್‌ಲೈನ್ ಕೆಲಸದ ಸಿಐಸಿಎಸ್ ಕೊನೆಗಿರಲಿ. ಬ್ಯಾಚ್ ಗಟ್ಟಿಯಾಗದೆ ಆನ್‌ಲೈನ್‌ಗೆ ಹಾರಿದರೆ ಎರಡೂ ಅರೆಬರೆ. ಓದಲು ಐಬಿಎಂ ರೆಡ್‌ಬುಕ್‌ಗಳಲ್ಲಿ ಝೆಡ್ ಓಎಸ್ ಬೇಸಿಕ್ಸ್ ಎಂಬ ದಪ್ಪ ಪುಸ್ತಕ ಉಚಿತವಾಗಿ ಸಿಗುತ್ತದೆ. ಅದನ್ನು ಕಾದಂಬರಿಯಂತೆ ಮೊದಲಿಂದ ಕೊನೆಗೆ ಓದಬೇಡ. ಆ ದಿನ ಮಾಡಿದ ಜಾಬ್‌ಗೆ ಸಂಬಂಧಪಟ್ಟ ಅಧ್ಯಾಯವನ್ನಷ್ಟೇ ಓದು.

ಪಾಠದ ಉದಾಹರಣೆಗಳನ್ನು ಟೈಪ್ ಮಾಡುತ್ತಾ ಕೂತರೆ ಕೈ ಪಳಗುವುದಿಲ್ಲ. ಪೂರ್ತಿಯಾದ ಒಂದು ಕೆಲಸ ಹಿಡಿ. ನಿನ್ನ ತವರಿನ ಹಾಲಿನ ಡೇರಿಯನ್ನೇ ತೆಗೆದುಕೋ. ಸಂಘದ ಸದಸ್ಯರ ಪಟ್ಟಿ ಒಂದು ಫೈಲ್: ಸದಸ್ಯ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ, ಪಶು ಆಹಾರದ ಬಾಕಿ. ದಿನಾ ಬೆಳಗ್ಗೆ, ಸಂಜೆ ಹಾಕಿದ ಹಾಲಿನದು ಇನ್ನೊಂದು ಫೈಲ್: ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ. ಎರಡನೆಯದನ್ನು ಸದಸ್ಯ ಸಂಖ್ಯೆಯ ಪ್ರಕಾರ ಸಾರ್ಟ್ ಮಾಡು, ಮೊದಲನೆಯದರ ಜೊತೆ ಹೋಲಿಸು, ಹಾಲಿನ ಹಣ ಕೂಡು, ಪಶು ಆಹಾರದ ಹಣ ಕಳೆ, ಬಟವಾಡೆ ಪಟ್ಟಿ ಮುದ್ರಿಸು, ವಾರ ವಾರದ ಪಟ್ಟಿಯನ್ನು ಜಿಡಿಜಿ (ಜನರೇಶನ್ ಡೇಟಾ ಗ್ರೂಪ್) ಎಂಬುದರಲ್ಲಿ ಒಂದೊಂದು ಜನರೇಶನ್ ಆಗಿ ಇಡು. ಮಾಸ್ಟರ್ ಫೈಲ್, ಟ್ರಾನ್ಸಾಕ್ಷನ್ ಫೈಲ್, ಎರಡನ್ನೂ ಹೋಲಿಸಿ ಹೊಸ ಲೆಕ್ಕ ಬರೆಯುವುದು. ದೊಡ್ಡ ಬ್ಯಾಂಕಿನ ರಾತ್ರಿ ಬ್ಯಾಚ್ ಕೂಡ ಇದೇ ಜಾಡಿನದು, ಪ್ರಮಾಣವಷ್ಟೇ ಬೇರೆ.

ಓಡಿತು ಅಂದಮೇಲೆ ಅದನ್ನು ಕೆಡಿಸು. ಕಲಿಕೆ ಅಲ್ಲಿಂದಲೇ ಶುರು. ಪಟ್ಟಿಯಲ್ಲಿಲ್ಲದ ಸದಸ್ಯನ ಹಾಲು ಬಂದರೆ ಏನಾಗುತ್ತದೆ? ಒಬ್ಬನದೇ ಹಾಲು ಬೆಳಗ್ಗೆ ಎರಡು ಸಲ ಬರೆದಿದ್ದರೆ? ದರದ ಜಾಗ ಖಾಲಿ ಬಿಟ್ಟಿದ್ದರೆ?

ಈ ಕೊನೆಯದನ್ನು ಹತ್ತಿರದಿಂದ ನೋಡು. ಲೀಟರಿಗೆ 38.50 ರೂಪಾಯಿ ಎಂಬ ದರವನ್ನು ಕಾಂಪ್-3 ಎಂಬ ಅಡಕವಾದ ರೂಪದಲ್ಲಿ ಇಟ್ಟೆ ಅಂದುಕೋ. ಮೂರು ಬೈಟ್‌ನಲ್ಲಿ ಅದು 03, 85, 0ಸಿ ಎಂದು ಕೂರುತ್ತದೆ. ಐದು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿರುವ ‘ಸಿ’ ಎಂಬುದು ಧನ ಚಿಹ್ನೆ. ಋಣವಾದರೆ ಅಲ್ಲಿ ‘ಡಿ’ ಇರುತ್ತದೆ. ಯಾರೋ ದರ ಹಾಕದೆ ಆ ಜಾಗಕ್ಕೆ ಸ್ಪೇಸ್ ತುಂಬಿದರು. ಮೇನ್‌ಫ್ರೇಮ್ ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ ಸ್ಪೇಸ್ ಎಂದರೆ 40. ಹಾಗಾಗಿ ಅಲ್ಲಿ 40, 40, 40 ಬಂದು ಕೂತಿತು. ಕೊನೆಯ ಅರ್ಧ ಬೈಟ್ ಈಗ ಸೊನ್ನೆ, ಅದು ಚಿಹ್ನೆಯೇ ಅಲ್ಲ. ಗುಣಿಸಲು ಹೋದ ಪ್ರೊಸೆಸರ್ ‘ಇದು ಸಂಖ್ಯೆಯಲ್ಲ’ ಎಂದು ನಿಲ್ಲಿಸಿಬಿಡುತ್ತದೆ. ಇದೇ ನಮ್ಮವರೆಲ್ಲ ಸಾಕ್ ಸೆವೆನ್ ಎಂದು ಕರೆಯುವ ಅಬೆಂಡ್, ಅಂದರೆ ಜಾಬ್ ಅರ್ಧಕ್ಕೇ ಬೀಳುವುದು.

ಈಗ ಔಟ್‌ಪುಟ್ ಓದು. ಐಇಎಫ್450ಐ ಎಂಬ ಸಂದೇಶ ಹುಡುಕು, ಯಾವ ಸ್ಟೆಪ್ ಬಿತ್ತು ಎಂದು ಅದು ಹೇಳುತ್ತದೆ. ಝೆಡ್ ಓಎಸ್‌ನಲ್ಲಾದರೆ ಲ್ಯಾಂಗ್ವೇಜ್ ಎನ್ವಿರಾನ್‌ಮೆಂಟ್ ಕೊಡುವ ಡಂಪ್‌ನಲ್ಲಿ ಆಫ್‌ಸೆಟ್ ಇರುತ್ತದೆ. ಆ ಆಫ್‌ಸೆಟ್ಟನ್ನು ಕಂಪೈಲ್ ಲಿಸ್ಟಿಂಗ್‌ನಲ್ಲಿ ಹುಡುಕಿದರೆ ಯಾವ ಸಾಲು ಎಂದು ಸಿಗುತ್ತದೆ. ಆ ಸಾಲಿನಲ್ಲಿ ಯಾವ ಫೀಲ್ಡ್, ಆಗ ಓದುತ್ತಿದ್ದ ರೆಕಾರ್ಡ್ ಯಾವುದು, ಆ ರೆಕಾರ್ಡ್ ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋಗು. ಎಷ್ಟೋ ಸಲ ತಪ್ಪು ಫೈಲಿನ ಕೊನೆಯ ಸಾಲಿನದಾಗಿರುತ್ತದೆ. ಒಟ್ಟು ಲೆಕ್ಕ ಹೇಳುವ ಟ್ರೇಲರ್ ರೆಕಾರ್ಡನ್ನು ಮಾಮೂಲಿ ರೆಕಾರ್ಡ್ ಎಂದು ಓದಿ ಪ್ರೋಗ್ರಾಮ್ ಬಿದ್ದಿರುತ್ತದೆ. ಹೀಗೆ ಬಿದ್ದ ಜಾಗದಿಂದ ಮೂಲದವರೆಗೆ ಒಂದು ಸಲ ನೀನೇ ನಡೆದು ಹೋದರೆ, ಹತ್ತು ಸರ್ಟಿಫಿಕೇಟ್ ಕೊಡದ ಧೈರ್ಯ ಬರುತ್ತದೆ. ಸಾಕ್ ಸೆವೆನ್ ಆದಮೇಲೆ, ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ ಬರುವ ಸಾಕ್ ಫೋರ್, ಜಾಗ ಸಾಲದೆ ಬರುವ ಬಿ37, ಪ್ರೋಗ್ರಾಮೇ ಸಿಗದಿದ್ದರೆ ಬರುವ 806, ಸಮಯ ಮೀರಿದರೆ ಬರುವ 322, ಇವನ್ನೂ ಬೇಕೆಂದೇ ಬರಿಸಿಕೊಂಡು ಒಂದೊಂದನ್ನೂ ಬಿಡಿಸು. ಪ್ರತಿಯೊಂದಕ್ಕೂ ಒಂದು ಪುಟ ಬರೆದಿಡು: ಏನು ಕಂಡಿತು, ಎಲ್ಲಿ ನೋಡಿದೆ, ಕಾರಣವೇನು, ಹೇಗೆ ಸರಿಮಾಡಿದೆ.

ಒಂದು ಎಚ್ಚರಿಕೆ. ಗ್ನೂಕೋಬಾಲ್‌ನಲ್ಲಿ ಬರೆದದ್ದು ಎಂವಿಎಸ್ 3.8ಜೆ ಮೇಲೆ ಹಾಗೇ ಓಡುವುದಿಲ್ಲ. ಎಂಡ್-ಇಫ್ ಬಂದದ್ದು 1985ರ ಕೋಬಾಲ್‌ನಲ್ಲಿ, ಅಲ್ಲಿಯ ಕಂಪೈಲರ್ ಅದಕ್ಕಿಂತ ಹಳೆಯದು. ಸಾರ್ಟ್ ಆಗುವ ಕ್ರಮವೂ ಬೇರೆ. ಲ್ಯಾಪ್‌ಟಾಪಿನಲ್ಲಿ ಸಾರ್ಟ್ ಮಾಡಿದರೆ ಅಂಕಿಗಳು ಮೊದಲು, ಅಕ್ಷರಗಳು ಆಮೇಲೆ. ಮೇನ್‌ಫ್ರೇಮ್‌ನಲ್ಲಿ ಅಕ್ಷರ ಮೊದಲು, ಅಂಕಿ ಕೊನೆಗೆ. ಒಂದೇ ಡೇರಿ ಫೈಲನ್ನು ಎರಡೂ ಕಡೆ ಸಾರ್ಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡು. ಮೇನ್‌ಫ್ರೇಮಿನಿಂದ ಬೇರೆ ಸರ್ವರ್‌ಗೆ ಫೈಲ್ ಕಳಿಸುವ ಪ್ರಾಜೆಕ್ಟ್‌ಗಳಲ್ಲಿ ಇದನ್ನು ತಿಳಿಯದೆ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರೆ.

ಹಳೆಯದು ಉಳಿದಿದೆ ಎಂದು ಹೊಸದನ್ನು ಬಿಡಬೇಡ. ನೀನು ಕೆಲಸ ಬಿಟ್ಟ ಮೇಲೆ ಸುತ್ತಮುತ್ತಲಿನ ಸಾಧನಗಳು ಬಹಳ ಬದಲಾಗಿವೆ. ಹಸಿರು ಅಕ್ಷರದ ಕಪ್ಪು ಪರದೆ ಈಗಲೂ ಇದೆ, ಅಲ್ಲಿಯ ಐಎಸ್‌ಪಿಎಫ್ ಮೆನುವಿನಲ್ಲಿ 3.4 ಒತ್ತಿ ಡೇಟಾಸೆಟ್ ಪಟ್ಟಿ ನೋಡುವುದನ್ನು ನೀನು ಕಲಿಯಲೇಬೇಕು. ಅದರ ಜೊತೆಗೆ ಸೋರ್ಸ್ ಕೋಡ್ ಗಿಟ್‌ಗೆ ಹೋಗುತ್ತಿದೆ, ಝೋವಿಯಿಂದ ಕಮಾಂಡ್‌ಗಳನ್ನು ಲ್ಯಾಪ್‌ಟಾಪಿನಿಂದಲೇ ಕಳಿಸುತ್ತಾರೆ, ಕೋಬಾಲ್ ಈಗ ಜೆಸನ್ ಬರೆಯುತ್ತದೆ, ಓದುತ್ತದೆ, ಝೆಡ್ ಓಎಸ್ ಮೇಲೆ ಪೈಥಾನ್ ಓಡುತ್ತದೆ. ಇಲ್ಲೇ ನಿನ್ನ ಹಳೆಯ ಜಾವಾ ಅನುಭವ ಕೆಲಸಕ್ಕೆ ಬರುವುದು. ಎರಡೂ ದಡ ಗೊತ್ತಿರುವವರು ಕಡಿಮೆ.

ಎಐ ಬಗ್ಗೆಯೂ ಕೇಳಿದ್ದೀಯ. ಕೋಬಾಲ್ ವಿವರಿಸುವ, ಜಾವಾಗೆ ಬದಲಿಸಿಕೊಡುವ ಸಾಧನಗಳು ಬಂದಿವೆ. ಐಬಿಎಂ ತನ್ನದೊಂದನ್ನು 2023ರಲ್ಲೇ ಹೊರತಂದಿತು. ಧಾರಾಳವಾಗಿ ಬಳಸು. ಆದರೆ ಮೊದಲು ನೀನು ಓದಿ ನಿನ್ನ ಅರ್ಥವನ್ನು ಬರೆದಿಡು, ಆಮೇಲೆ ಅದನ್ನು ಕೇಳು, ಎರಡನ್ನೂ ಹೋಲಿಸು. ಅದು ಹೇಳಿದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವಳಾದ ದಿನ ನಿನಗೆ ಕೆಲಸ ಉಂಟು. ಅದು ಹೇಳಿದ್ದನ್ನು ನಕಲು ಮಾಡುವವಳಿಗೆ ಯಾರೂ ಸಂಬಳ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ‘ನಾಲ್ಕು ವರ್ಷದ ಮೇನ್‌ಫ್ರೇಮ್ ಅನುಭವದ ಪತ್ರ ಮಾಡಿಸಿಕೊಡುತ್ತೇವೆ, ಕೆಲಸ ಗ್ಯಾರಂಟಿ’ ಎನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಅವರ ಹತ್ತಿರ ಸುಳಿಯಬೇಡ. ನಿನ್ನ ಪಿಎಫ್‌ನ ಯುಎಎನ್ ಸಂಖ್ಯೆ ನೋಡಿದರೆ ನೀನು ಎಲ್ಲಿ, ಎಂದಿನಿಂದ ಎಂದಿನವರೆಗೆ ಕೆಲಸ ಮಾಡಿದ್ದೆ ಎಂದು ಗೊತ್ತಾಗಿಬಿಡುತ್ತದೆ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡದೆ ಬಿಡುವುದಿಲ್ಲ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು. ಸಿಕ್ಕಿಬೀಳದಿದ್ದರೂ ಮಾಡದ ಕೆಲಸವನ್ನು ಮಾಡಿದ್ದೇನೆಂದು ದಿನಾ ನಟಿಸಬೇಕಾದ ಹಿಂಸೆ ನಿನಗೆ ಯಾಕೆ?

ಬಯೋಡೇಟಾದಲ್ಲಿ ವಿರಾಮವನ್ನು ಬಚ್ಚಿಡಬೇಡ. ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಕುಟುಂಬದ ಹೊಣೆ, ಒಂದೇ ಸಾಲು ಸಾಕು. ಅದಕ್ಕೆ ಕ್ಷಮೆ ಕೇಳುವ ದನಿ ಬೇಡ. ಅದರ ಕೆಳಗೆ ನೀನಾಗಿ ಕಲಿತದ್ದನ್ನು ಇಡು: ಝೆಡ್ ಎಕ್ಸ್‌ಪ್ಲೋರ್ ಬ್ಯಾಡ್ಜ್‌ಗಳು, ಗಿಟ್‌ಹಬ್‌ನಲ್ಲಿ ಡೇರಿ ಬಟವಾಡೆಯ ಪೂರ್ತಿ ಕೋಡ್ ಮತ್ತು ಜೆಸಿಎಲ್, ಅಬೆಂಡ್ ಟಿಪ್ಪಣಿಗಳು. ಆ ಟಿಪ್ಪಣಿಗಳನ್ನು ನೋಡಿದ ಟೀಮ್ ಲೀಡ್‌ಗೆ ಒಂದು ವಿಷಯ ತಕ್ಷಣ ಹೊಳೆಯುತ್ತದೆ. ಪ್ರೊಡಕ್ಷನ್‌ನಲ್ಲಿ ಜಾಬ್ ಬಿದ್ದಾಗ ಈಕೆ ಗಾಬರಿಯಾಗುವುದಿಲ್ಲ, ಓದುತ್ತಾಳೆ ಎಂದು. ಹಿಂದೆ ವಿಮಾ ಕಂಪನಿಯ ಪ್ರಾಜೆಕ್ಟ್‌ನಲ್ಲಿ ಮಾಡಿದ ಕೆಲಸವನ್ನೂ ಎತ್ತಿ ಹೇಳು. ಪ್ರೀಮಿಯಂ, ಕ್ಲೈಮ್, ಲ್ಯಾಪ್ಸ್ ಆದ ಪಾಲಿಸಿ ಎಂದರೆ ಏನೆಂದು ಬಲ್ಲವಳಿಗೆ ವಿಮೆಯ ಕೋಬಾಲ್ ಅರ್ಧ ಓದಿದಂತೆಯೇ. ಆದ್ದರಿಂದ ಅರ್ಜಿ ಹಾಕುವಾಗ ವಿಮೆಯ ಪ್ರಾಜೆಕ್ಟ್‌ಗಳನ್ನೇ ಮೊದಲು ಹುಡುಕು. ವಿರಾಮದಿಂದ ಮರಳುವವರಿಗೆಂದೇ ಕೆಲವು ಕಂಪನಿಗಳು ರಿಟರ್ನ್‌ಶಿಪ್ ನಡೆಸುತ್ತವೆ, ಅವನ್ನೂ ನೋಡು.

ಮೊದಲ ಕೆಲಸ ನೀನು ಬಿಟ್ಟುಬಂದ ಹುದ್ದೆಯ ಮಟ್ಟದ್ದೇ ಆಗಿರಬೇಕೆಂದು ಹಟ ಹಿಡಿಯಬೇಡ. ಮನೆಯ ಅಭ್ಯಾಸವನ್ನು ಕಂಪನಿಗಳು ವರ್ಷಗಳ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನಿಜ. ಬ್ಯಾಚ್ ಸಪೋರ್ಟ್, ಟೆಸ್ಟಿಂಗ್, ಕಾಂಟ್ರಾಕ್ಟ್, ಯಾವುದು ಸಿಕ್ಕಿದರೂ ಬಾಗಿಲೊಳಗೆ ಕಾಲಿಡು. ಸಪೋರ್ಟ್ ಕೆಲಸವನ್ನು ಕೀಳೆಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಸಪೋರ್ಟ್‌ನಲ್ಲೇ ಕಲಿತವಳು. ಅಲ್ಲಿ ದಿನಕ್ಕೊಂದು ಹೊಸ ಅಬೆಂಡ್ ಬರುತ್ತದೆ, ಒಂದು ವರ್ಷದಲ್ಲಿ ಇಡೀ ಸಿಸ್ಟಂ ಹೇಗೆ ಜೋಡಿಸಿಕೊಂಡಿದೆ ಎಂದು ತಿಳಿಯುತ್ತದೆ. ಆಮೇಲೆ ಡೆವಲಪ್‌ಮೆಂಟೋ, ಸಿಸ್ಟಂ ಪ್ರೋಗ್ರಾಮಿಂಗೋ, ರ‍್ಯಾಕ್‌ಎಫ್ ನೋಡಿಕೊಳ್ಳುವ ಸೆಕ್ಯುರಿಟಿಯೋ, ಯಾವ ಕಡೆ ಮನಸ್ಸು ಎಳೆಯುತ್ತದೋ ಆ ಕಡೆ ಹೋಗು.

ಮನೆಯಲ್ಲಿ ಓದುವ ಹೊತ್ತನ್ನು ಎಲ್ಲರಿಗೂ ಹೇಳಿ ಗೊತ್ತುಮಾಡಿಕೋ. ಎಲ್ಲರ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಓದುತ್ತೇನೆ ಅಂದುಕೊಂಡರೆ ಆ ಹೊತ್ತು ಬರುವುದೇ ಇಲ್ಲ. ದಿನಕ್ಕೆ ಒಂದೂವರೆ ಗಂಟೆ ನಿನ್ನದು ಎಂದು ನಿನ್ನವರ ಹತ್ತಿರ, ಮಕ್ಕಳ ಹತ್ತಿರ ಹೇಳು. ಆ ಹೊತ್ತಿನಲ್ಲಿ ಕುಕ್ಕರ್ ಕೂಗಿದರೆ ಬೇರೆ ಯಾರಾದರೂ ಎದ್ದು ಆರಿಸಲಿ. ವಾರಕ್ಕೊಂದು ಸಲ ಹತ್ತು ಗಂಟೆ ಕೂರುವುದಕ್ಕಿಂತ ದಿನಾ ಒಂದೂವರೆ ಗಂಟೆ ಮೇಲು. ಹೀಗೆ ನಡೆದರೆ ಏಳೆಂಟು ತಿಂಗಳಲ್ಲಿ ಇಂಟರ್‌ವ್ಯೂಗೆ ಕೂರುವ ಹದಕ್ಕೆ ಬರುತ್ತೀಯ. ಅದಕ್ಕೂ ಮುಂಚೆ ಅರ್ಜಿ ಹಾಕಬಾರದು ಎಂದೇನಿಲ್ಲ. ಡೇರಿ ಲೆಕ್ಕ ಓಡಿದ ದಿನದಿಂದಲೇ ಹಾಕು, ಮೊದಮೊದಲ ಇಂಟರ್‌ವ್ಯೂಗಳು ಯಾವುದು ಬಾರದು ಎಂದು ತೋರಿಸಿಕೊಡುತ್ತವೆ.

ಈ ವಾರ ಝೆಡ್ ಎಕ್ಸ್‌ಪ್ಲೋರ್‌ಗೆ ಹೆಸರು ಕೊಡು, ವಿಎಸ್ ಕೋಡ್ ಹಾಕಿಕೋ, ಒಂದು ಜಾಬ್ ಸಬ್‌ಮಿಟ್ ಮಾಡು. ಅದು ಬಿದ್ದರೆ ಔಟ್‌ಪುಟ್ಟನ್ನು ಅಳಿಸದೆ ಇಟ್ಟುಕೋ. ಏನಾಗಿದೆ ಎಂದು ನಿನಗೆ ತೋಚಿದ್ದನ್ನು ಬರೆದು, ಭಾನುವಾರ ನನಗೆ ಫೋನ್ ಮಾಡು. ಇಬ್ಬರೂ ಕೂತು ಸಾಲುಸಾಲಾಗಿ ಓದೋಣ. ನಾನು ಉತ್ತರ ಹೇಳುವುದಿಲ್ಲ, ಮುಂದೆ ಎಲ್ಲಿ ನೋಡಬೇಕು ಎಂದಷ್ಟೇ ಹೇಳುತ್ತೇನೆ. ಕಂಡುಹಿಡಿಯುವವಳು ನೀನೇ ಆಗಬೇಕು.

ನಿನ್ನ ಅಕ್ಕ